ಎಷ್ಟು ಹೊತ್ತು, ಎಷ್ಟು ದಿನ, ಎಷ್ಟು ಕಾಲ: ಇಂಗ್ಲಿಷಿನಲ್ಲಿ ಅವಧಿಯನ್ನು ಹೇಳುವ ಬಗೆ

ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಬಂದ ವಿದ್ಯಾರ್ಥಿಗಳ ಇಂಗ್ಲಿಷ್ ರಜಾ ಅರ್ಜಿಗಳನ್ನು ತಿದ್ದುವಾಗ ನನ್ನ ಪೆನ್ನು ಮೊದಲು ನಿಲ್ಲುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. 'ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ತ್ರೀ ಡೇಸ್' ಎಂದು ಅವರು ಬರೆದಿರುತ್ತಾರೆ. ಕಾಗುಣಿತ ಸರಿಯಾಗಿರುತ್ತದೆ, ವಿನಯದ ಮಾತುಗಳು ಸರಿಯಾಗಿರುತ್ತವೆ. ತಪ್ಪಿರುವುದು ಜ್ವರ ಎಷ್ಟು ದಿನದ್ದು ಎಂದು ಹೇಳುವ ಮಾತು. ಇದು ಓದಿನ ಕೊರತೆಯಿಂದ ಬಂದ ತಪ್ಪಲ್ಲ. 'ಮೂರು ದಿನದಿಂದ ಜ್ವರ' ಎಂಬ ಅಚ್ಚುಕಟ್ಟಾದ ಕನ್ನಡವನ್ನು ಪದಕ್ಕೆ ಪದವಿಟ್ಟು ದಾಟಿಸಿದ್ದರಿಂದ ಬಂದದ್ದು. ಆದ್ದರಿಂದ ಇದನ್ನು ತಿದ್ದಿಕೊಳ್ಳುವ ದಾರಿಯೂ ಕನ್ನಡದಿಂದಲೇ ಹೊರಡಬೇಕು ಎಂಬುದು ನನ್ನ ನಂಬಿಕೆ. ಹೇಳಬೇಕಾದ್ದನ್ನು ಮೊದಲು ಕನ್ನಡದಲ್ಲಿ ಹೇಳಿಕೊಂಡು, ಕಾಲವನ್ನು ಸೂಚಿಸುವ ಪದದ ಕೊನೆಗೆ ಯಾವ ಪ್ರತ್ಯಯ ಬಂದಿದೆ, ಆ ಪದ ಹೇಳುತ್ತಿರುವುದು ಒಂದು ತಾರೀಖನ್ನೋ ಅಥವಾ ದಿನಗಳ ಲೆಕ್ಕವನ್ನೋ ಎಂದು ನೋಡಿಕೊಂಡರೆ, ಇಂಗ್ಲಿಷಿನಲ್ಲಿ ಯಾವ ಪದ ಬೇಕು ಎಂಬುದು ಬಹುಪಾಲು ಅಲ್ಲಿಯೇ ತಿಳಿಯುತ್ತದೆ.

ಒಂದು 'ಇಂದ', ಎರಡು ಇಂಗ್ಲಿಷ್ ಪದ

ನಾವು 'ಮೂರು ದಿನದಿಂದ' ಎನ್ನುತ್ತೇವೆ, 'ಸೋಮವಾರದಿಂದ' ಎಂದೂ ಎನ್ನುತ್ತೇವೆ. ಎರಡಕ್ಕೂ ಪ್ರತ್ಯಯ ಒಂದೇ. ಇಂಗ್ಲಿಷ್ ಇವೆರಡನ್ನು ಬೇರೆ ಬೇರೆಯಾಗಿ ಕಾಣುತ್ತದೆ: ಸೋಮವಾರ ಎಂಬುದು ಜ್ವರ ಶುರುವಾದ ದಿನ, ಮೂರು ದಿನ ಎಂಬುದು ಅಂದಿನಿಂದ ಇಂದಿನವರೆಗಿನ ಉದ್ದ. ಶುರುವಾದ ದಿನಕ್ಕೆ 'ಸಿನ್ಸ್' ಬರುತ್ತದೆ, ಉದ್ದಕ್ಕೆ 'ಫಾರ್' ಬರುತ್ತದೆ. ಗೊಂದಲವಾದಾಗ ಮಾಡಬಹುದಾದ ಪರೀಕ್ಷೆ ಸುಲಭವಾದದ್ದು. ಆ ಕಾಲವನ್ನು ಕ್ಯಾಲೆಂಡರಿನಲ್ಲಿಯೋ ಗಡಿಯಾರದಲ್ಲಿಯೋ ಬೆರಳಿಟ್ಟು ತೋರಿಸಲು ಸಾಧ್ಯವೇ ಎಂದು ಕೇಳಿಕೊಳ್ಳಿ. ತೋರಿಸಬಹುದಾದರೆ 'ಸಿನ್ಸ್', ಬೆರಳು ಮಡಚಿ ಎಣಿಸಬೇಕಾದರೆ 'ಫಾರ್'. ಯುಗಾದಿಯಿಂದ ಎಂದರೆ 'ಸಿನ್ಸ್ ಯುಗಾದಿ', 2015ರಿಂದ ಎಂದರೆ 'ಸಿನ್ಸ್ 2015', ಚಿಕ್ಕಂದಿನಿಂದ ಎಂದರೆ 'ಸಿನ್ಸ್ ಚೈಲ್ಡ್‌ಹುಡ್'. ಹನ್ನೆರಡು ವರ್ಷದಿಂದ ಎಂದರೆ 'ಫಾರ್ ಟ್ವೆಲ್ವ್ ಇಯರ್ಸ್', ಎಷ್ಟೋ ಕಾಲದಿಂದ ಎಂದರೆ 'ಫಾರ್ ಏಜಸ್'.

ಪ್ರತ್ಯಯ ಸರಿಹೋದ ಮೇಲೆ ಕ್ರಿಯಾಪದವನ್ನೂ ನೋಡಬೇಕು. 'ಇಂದ' ಇರುವ ಇಂಥ ವಾಕ್ಯಗಳಲ್ಲಿ ಕೆಲಸ ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುತ್ತದೆ. ಅದಕ್ಕೆ ಇಂಗ್ಲಿಷ್ 'ಹ್ಯಾವ್ ಬೀನ್' ಎಂಬ ರೂಪವನ್ನು ಬಯಸುತ್ತದೆ. ಹಾಗಾಗಿ ಆ ರಜಾ ಅರ್ಜಿಯ ವಾಕ್ಯ 'ಐ ಹ್ಯಾವ್ ಬೀನ್ ಸಫರಿಂಗ್ ಫ್ರಮ್ ಫೀವರ್ ಫಾರ್ ತ್ರೀ ಡೇಸ್' ಎಂದಾಗಬೇಕು. ವೈದ್ಯರ ಮುಂದೆ ಕುಳಿತು ಹೇಳುವಾಗ 'ಐ ಹ್ಯಾವ್ ಹ್ಯಾಡ್ ಅ ಫೀವರ್ ಫಾರ್ ತ್ರೀ ಡೇಸ್' ಎಂದರೆ ಇನ್ನೂ ಸರಳವಾಗಿರುತ್ತದೆ.

ಇಲ್ಲಿ ನಮ್ಮ ಭಾಷೆಯ ಒಂದು ಸೂಕ್ಷ್ಮ ತುಂಬ ಉಪಯೋಗಕ್ಕೆ ಬರುತ್ತದೆ. 'ಹುಬ್ಬಳ್ಳಿಯಲ್ಲಿ ಹತ್ತು ವರ್ಷದಿಂದ ಇದ್ದೇನೆ' ಎಂದರೆ ಈಗಲೂ ಅಲ್ಲಿಯೇ ಇದ್ದೇನೆ ಎಂದರ್ಥ. 'ಹುಬ್ಬಳ್ಳಿಯಲ್ಲಿ ಹತ್ತು ವರ್ಷ ಇದ್ದೆ' ಎಂದರೆ ಈಗ ಅಲ್ಲಿಲ್ಲ ಎಂದರ್ಥ. ಯಾವ ಕನ್ನಡಿಗನೂ ಇವೆರಡನ್ನು ಬೆರೆಸುವುದಿಲ್ಲ. ಇಂಗ್ಲಿಷಿನಲ್ಲಿ ಎರಡು ಕಡೆಯೂ 'ಫಾರ್ ಟೆನ್ ಇಯರ್ಸ್' ಎಂದೇ ಬರುವುದರಿಂದ ವ್ಯತ್ಯಾಸದ ಭಾರವೆಲ್ಲ ಕ್ರಿಯಾಪದದ ಮೇಲೆ ಬೀಳುತ್ತದೆ: ಮೊದಲನೆಯದು 'ಐ ಹ್ಯಾವ್ ಲಿವ್ಡ್', ಎರಡನೆಯದು 'ಐ ಲಿವ್ಡ್'. ನನ್ನ ಸಂಬಂಧಿ ಹುಡುಗಿಯೊಬ್ಬಳು ಕೆಲಸದ ಅರ್ಜಿಯಲ್ಲಿ ತಾನು ಆಗ ಇದ್ದ ಕಂಪನಿಯ ಬಗ್ಗೆ 'ಐ ವರ್ಕ್ಡ್ ಹಿಯರ್ ಫಾರ್ ಫೋರ್ ಇಯರ್ಸ್' ಎಂದು ಬರೆದಿದ್ದಳು. ಸಂದರ್ಶನದಲ್ಲಿ ಕೇಳಿದ ಮೊದಲ ಪ್ರಶ್ನೆಯೇ ಆ ಕೆಲಸವನ್ನು ಏಕೆ ಬಿಟ್ಟಿರಿ ಎಂಬುದಾಗಿತ್ತು. ಬಿಟ್ಟಿಲ್ಲ, ಇನ್ನೂ ಅಲ್ಲಿಯೇ ಇದ್ದೇನೆ ಎಂದು ವಿವರಿಸುವುದರಲ್ಲಿ ಅವಳ ಆರಂಭದ ಧೈರ್ಯವೆಲ್ಲ ಕರಗಿಹೋಯಿತು. ಅರ್ಜಿಯನ್ನು ಕಳುಹಿಸುವ ಮೊದಲು ಆ ವಾಕ್ಯವನ್ನು ಕನ್ನಡದಲ್ಲಿ ಒಮ್ಮೆ ಹೇಳಿಕೊಂಡಿದ್ದರೆ, 'ನಾಲ್ಕು ವರ್ಷದಿಂದ' ಎಂಬಲ್ಲಿಯ 'ಇಂದ' ಅವಳನ್ನು ಎಚ್ಚರಿಸುತ್ತಿತ್ತು.

'ನಾನು ಈ ಊರಿಗೆ ಬಂದು ಎರಡು ವರ್ಷ ಆಯಿತು' ಎನ್ನುವುದು ನಮ್ಮಲ್ಲಿ ಬಹಳ ಬಳಕೆಯ ಮಾತು. ಇದರ 'ಆಯಿತು' ಎಂಬುದಕ್ಕೆ ಇಂಗ್ಲಿಷಿನಲ್ಲಿ ಸಮಪದ ಹುಡುಕುತ್ತಾ ಹೋದರೆ ದಾರಿ ತಪ್ಪುತ್ತದೆ. 'ಇಟ್ ಈಸ್ ಟೂ ಇಯರ್ಸ್ ಸಿನ್ಸ್ ಐ ಕೇಮ್ ಟು ದಿಸ್ ಟೌನ್' ಎಂಬುದು ಅದರ ಸಹಜ ರೂಪ. ಇಲ್ಲಿ 'ಸಿನ್ಸ್' ಎರಡು ವರ್ಷದ ಜೊತೆಗೆ ಸೇರಿಲ್ಲ, ಬಂದ ಘಟನೆಯ ಜೊತೆಗೆ ಸೇರಿದೆ ಎಂಬುದನ್ನು ಗಮನಿಸಬೇಕು. ಅದೇ ರೀತಿ 'ಎರಡು ದಿನದ ಹಿಂದೆ' ಎಂಬುದು 'ಬಿಫೋರ್ ಟೂ ಡೇಸ್' ಆಗುವುದಿಲ್ಲ. 'ಟೂ ಡೇಸ್ ಅಗೋ' ಆಗುತ್ತದೆ. ನಮ್ಮ 'ಹಿಂದೆ' ಲೆಕ್ಕದ ಬಳಿಕ ಬರುವಂತೆಯೇ 'ಅಗೋ' ಕೂಡ ಲೆಕ್ಕದ ಬಳಿಕವೇ ಬರುತ್ತದೆ. ಪದಗಳ ಕ್ರಮ ಎರಡೂ ಭಾಷೆಗಳಲ್ಲಿ ಒಂದೇ ಆಗಿರುವ ಅಪರೂಪದ ಜಾಗವಿದು. ಅದನ್ನೇ ನೆನಪಿಗೆ ಆಸರೆಯಾಗಿ ಇಟ್ಟುಕೊಳ್ಳಬಹುದು.

ಕೇಳುವ ಪ್ರಶ್ನೆಯಲ್ಲಿಯೂ 'ಇಂದ' ನುಸುಳುತ್ತದೆ. 'ಎಷ್ಟು ದಿನದಿಂದ ಇಲ್ಲಿದ್ದೀರಿ' ಎಂಬುದನ್ನು 'ಸಿನ್ಸ್ ಹೌ ಲಾಂಗ್' ಎಂದು ಶುರುಮಾಡುವುದು ನಮ್ಮಲ್ಲಿ ರೂಢಿ. 'ಹೌ ಲಾಂಗ್ ಹ್ಯಾವ್ ಯು ಬೀನ್ ಹಿಯರ್' ಎಂದಷ್ಟೇ ಕೇಳಿದರೆ ಸಾಕು. ಇದಕ್ಕಿಂತ ಮುಖ್ಯವಾದದ್ದು, ಇದರ ಪಕ್ಕದಲ್ಲಿಯೇ ಇರುವ ಇನ್ನೊಂದು ಪ್ರಶ್ನೆ. ಅಮೆರಿಕದಲ್ಲಿರುವ ಮಗಳ ಮನೆಗೆ ಹೋದ ತಾಯಿಯನ್ನು ನೆರೆಮನೆಯವರು 'ಹೌ ಲಾಂಗ್ ಆರ್ ಯು ಹಿಯರ್ ಫಾರ್' ಎಂದು ಕೇಳುತ್ತಾರೆ. ತಾವು ಬಂದು ಎರಡು ವಾರವಾಗಿದೆ ಎಂದು ತಿಳಿಸಲು ಆ ತಾಯಿ 'ಟೂ ವೀಕ್ಸ್' ಎನ್ನುತ್ತಾರೆ. ಆದರೆ ಕೇಳಿದ್ದು ಕಳೆದ ದಿನಗಳ ಲೆಕ್ಕವಲ್ಲ. ಒಟ್ಟು ಎಷ್ಟು ದಿನ ಇರಲೆಂದು ಬಂದಿದ್ದೀರಿ ಎಂಬುದು. ಆರು ತಿಂಗಳು ಇರಲೆಂದು ಬಂದವರು ಎರಡೇ ವಾರಕ್ಕೆ ಬಂದವರಂತೆ ಕೇಳಿದವರ ಮನಸ್ಸಿನಲ್ಲಿ ಉಳಿಯುತ್ತಾರೆ. 'ಹ್ಯಾವ್ ಬೀನ್' ಇದ್ದರೆ ಹಿಂದಿನದು, 'ಆರ್ ... ಫಾರ್' ಇದ್ದರೆ ಒಟ್ಟು ವಾಸದ್ದು ಎಂದು ನೆನಪಿಡಬೇಕು. ವಿಮಾನ ನಿಲ್ದಾಣದ ವಲಸೆ ಅಧಿಕಾರಿಗಳು ಕೇಳುವ 'ಹೌ ಲಾಂಗ್ ಆರ್ ಯು ಸ್ಟೇಯಿಂಗ್' ಎಂಬುದೂ ಇದೇ ಎರಡನೆಯ ಬಗೆಯದು. ಮನೆಯ ಹಿರಿಯರನ್ನು ಒಂಟಿಯಾಗಿ ವಿದೇಶಕ್ಕೆ ಕಳುಹಿಸುವವರು ಇದೊಂದನ್ನಾದರೂ ಅವರಿಗೆ ಬಾಯಿಪಾಠ ಮಾಡಿಸಿ ಕಳುಹಿಸಬೇಕು.

ಒಳಗೆ, ವರೆಗೆ, ಬಿಟ್ಟು

'ವರೆಗೆ' ಅಥವಾ 'ತನಕ' ಎಂದರೆ ಕೆಲಸವು ಆ ಗಡಿಯವರೆಗೂ ನಡೆಯುತ್ತಲೇ ಇರುತ್ತದೆ. 'ಒಳಗೆ' ಎಂದರೆ ಆ ಗಡಿ ಬರುವ ಮೊದಲು ಯಾವಾಗಲಾದರೂ ಒಮ್ಮೆ ಕೆಲಸ ಮುಗಿಯಬೇಕು. ಮೊದಲನೆಯದು 'ಅಂಟಿಲ್' ಅಥವಾ 'ಟಿಲ್', ಎರಡನೆಯದು 'ಬೈ'. 'ಶುಕ್ರವಾರದವರೆಗೆ ಊರಿನಲ್ಲಿರುತ್ತೇನೆ' ಎಂಬುದಕ್ಕೆ 'ಅಂಟಿಲ್ ಫ್ರೈಡೇ', 'ಶುಕ್ರವಾರದೊಳಗೆ ಫೀಸು ಕಟ್ಟಬೇಕು' ಎಂಬುದಕ್ಕೆ 'ಬೈ ಫ್ರೈಡೇ'. ಈ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವೂ ಇದೆ. ಹಿಂದಿ ಮಾತನಾಡುವವರು ತಮ್ಮ ಭಾಷೆಯ ರೂಢಿಯಂತೆ 'ಅಂಟಿಲ್ ಹಿ ಡಸ್ ನಾಟ್ ಕಮ್' ಎಂದು ನಿಷೇಧವನ್ನು ಸೇರಿಸಿಬಿಡುವುದುಂಟು. ನಮ್ಮ 'ಅವನು ಬರುವವರೆಗೆ' ಎಂಬುದರಲ್ಲಿ ನಿಷೇಧವೇ ಇಲ್ಲ, ಇಂಗ್ಲಿಷಿನಲ್ಲಿಯೂ ಇಲ್ಲ. 'ಅಂಟಿಲ್ ಹಿ ಕಮ್ಸ್' ಎಂದರೆ ಮುಗಿಯಿತು.

ತೊಂದರೆ ಬರುವುದು 'ಎರಡು ಗಂಟೆಯೊಳಗೆ' ಎಂಬಂಥ ಮಾತಿನಲ್ಲಿ. ಕನ್ನಡದಲ್ಲಿ ಇದು ಗಡಿಯಾರದ ಎರಡು ಗಂಟೆಯೂ ಆಗಬಹುದು, ಇನ್ನು ಎರಡು ತಾಸಿನ ಅವಧಿಯೂ ಆಗಬಹುದು. ಇಂಗ್ಲಿಷಿನಲ್ಲಿ ಬರೆಯುವ ಮೊದಲು ಯಾವುದೆಂದು ತೀರ್ಮಾನಿಸಿಕೊಳ್ಳಲೇಬೇಕು. ಬೆರಳಿಟ್ಟು ತೋರಿಸುವ ಪರೀಕ್ಷೆ ಇಲ್ಲಿಯೂ ನಡೆಯುತ್ತದೆ: ಗಡಿಯಾರದ ಎರಡು ಗಂಟೆಯಾದರೆ 'ಬೈ ಟೂ ಓ ಕ್ಲಾಕ್', ಎಣಿಸುವ ಎರಡು ತಾಸಾದರೆ 'ವಿದಿನ್ ಟೂ ಅವರ್ಸ್'. ಕಚೇರಿಗಳ ಪತ್ರಗಳಲ್ಲಿ ಆಗಾಗ ಕಾಣುವ 'ವಿದಿನ್ ಫೈವ್ ಓ ಕ್ಲಾಕ್' ಎಂಬುದು ಈ ಎರಡನ್ನು ಬೆರೆಸಿದ್ದರಿಂದ ಹುಟ್ಟಿದ್ದು.

'ಎರಡು ದಿನ ಬಿಟ್ಟು ಬರುತ್ತೇನೆ' ಎಂಬುದು ನಮ್ಮ ಬಾಯಲ್ಲಿ 'ಐ ವಿಲ್ ಕಮ್ ಆಫ್ಟರ್ ಟೂ ಡೇಸ್' ಆಗುತ್ತದೆ. ಇದರಿಂದ ಅರ್ಥ ಕೆಡುವುದಿಲ್ಲವಾದರೂ, ಈ ಗಳಿಗೆಯಿಂದ ಮುಂದಕ್ಕೆ ಎಣಿಸುವಾಗ ಇಂಗ್ಲಿಷಿನವರು 'ಇನ್ ಟೂ ಡೇಸ್' ಎನ್ನುತ್ತಾರೆ. ನಡೆದುಹೋದ ಕಥೆಯನ್ನು ಹೇಳುವಾಗ ಮಾತ್ರ 'ಹಿ ರಿಟರ್ನ್ಡ್ ಆಫ್ಟರ್ ಟೂ ಡೇಸ್' ಎಂಬುದು ಸಹಜ. ಈ 'ಇನ್' ಇನ್ನೊಂದು ಕೆಲಸವನ್ನೂ ಮಾಡುತ್ತದೆ: 'ಐ ರೆಡ್ ದ ಬುಕ್ ಇನ್ ಟೂ ಡೇಸ್' ಎಂದರೆ ಎರಡು ದಿನದಲ್ಲಿ ಪುಸ್ತಕವನ್ನು ಓದಿ ಮುಗಿಸಿದೆ ಎಂದರ್ಥ. ಅದೇ 'ಫಾರ್ ಟೂ ಡೇಸ್' ಎಂದರೆ ಎರಡು ದಿನ ಓದಿದೆ, ಮುಗಿಯಿತೋ ಇಲ್ಲವೋ ಹೇಳಿಲ್ಲ ಎಂದಾಗುತ್ತದೆ. 'ಎರಡು ದಿನದಲ್ಲಿ ಓದಿದೆ', 'ಎರಡು ದಿನ ಓದಿದೆ' ಎಂಬ ನಮ್ಮ ವ್ಯತ್ಯಾಸವೇ ಇದು; 'ಅಲ್ಲಿ' ಇದ್ದರೆ 'ಇನ್', ಪ್ರತ್ಯಯವಿಲ್ಲದ ಬರಿಯ ಲೆಕ್ಕವಿದ್ದರೆ 'ಫಾರ್'. ಔಷಧಿಯ ಚೀಟಿಯಲ್ಲಿ 'ಫಾರ್ ಫೈವ್ ಡೇಸ್' ಎಂದಿದ್ದರೆ ಐದು ದಿನವೂ ತೆಗೆದುಕೊಳ್ಳಬೇಕು, ಜ್ವರ ಎರಡನೆಯ ದಿನವೇ ಬಿಟ್ಟರೂ ಚೀಟಿಯ ಮಾತು ಬದಲಾಗುವುದಿಲ್ಲ. 'ರಿವ್ಯೂ ಇನ್ ಫೈವ್ ಡೇಸ್' ಎಂದಿದ್ದರೆ ಐದು ದಿನ ಕಳೆದ ಮೇಲೆ ಮತ್ತೆ ಬಂದು ತೋರಿಸಬೇಕು.

ಗಡಿಯ ದಿನ ಲೆಕ್ಕದಲ್ಲಿ ಸೇರುತ್ತದೆಯೇ ಎಂಬ ಪ್ರಶ್ನೆ ಎರಡೂ ಭಾಷೆಗಳಲ್ಲಿ ಇದೆ. 'ಐದನೇ ತಾರೀಖಿನವರೆಗೆ ರಜೆ' ಎಂದಾಗ ಐದರಂದು ಕೆಲಸಕ್ಕೆ ಬರಬೇಕೋ ಬೇಡವೋ ಎಂದು ಜಗಳವಾಗಿರುವುದು ನಮ್ಮೆಲ್ಲರಿಗೂ ಗೊತ್ತು. ಭಾರತದ ಕೇಂದ್ರ ಕಾಯ್ದೆಗಳ ಮಟ್ಟಿಗೆ ಇದಕ್ಕೆ ಖಚಿತವಾದ ಉತ್ತರವಿದೆ: 1897ರ ಜನರಲ್ ಕ್ಲಾಸಸ್ ಆ್ಯಕ್ಟ್‌ನ 9ನೇ ಸೆಕ್ಷನ್ನಿನ ಪ್ರಕಾರ 'ಫ್ರಮ್' ಎಂಬ ಪದ ಮೊದಲ ದಿನವನ್ನು ಬಿಡುತ್ತದೆ, 'ಟು' ಎಂಬ ಪದ ಕೊನೆಯ ದಿನವನ್ನು ಸೇರಿಸಿಕೊಳ್ಳುತ್ತದೆ. ದಾವೆ ಮತ್ತು ಮೇಲ್ಮನವಿಗಳ ಕಾಲಮಿತಿಯನ್ನು ಹೇಳುವ 1963ರ ಲಿಮಿಟೇಶನ್ ಆ್ಯಕ್ಟ್ ಕೂಡ ಎಣಿಕೆ ಹೊರಡುವ ದಿನವನ್ನು ಬಿಟ್ಟೇ ಎಣಿಸುತ್ತದೆ. ಹಾಗಾಗಿ ಜೂನ್ 1ರ ಆದೇಶದ ವಿರುದ್ಧ 'ತರ್ಟಿ ಡೇಸ್ ಫ್ರಮ್ ದ ಡೇಟ್ ಆಫ್ ದಿ ಆರ್ಡರ್' ಎಂದು ಅವಕಾಶವಿದ್ದರೆ ಜೂನ್ 2 ಮೊದಲನೆಯ ದಿನ, ಜುಲೈ 1 ಮೂವತ್ತನೆಯ ದಿನ. ಕಾನೂನಿನ ಆಸರೆಯಿಲ್ಲದ ದಿನನಿತ್ಯದ ಪತ್ರಗಳಲ್ಲಿ 'ಅಪ್ ಟು ಅಂಡ್ ಇನ್‌ಕ್ಲೂಡಿಂಗ್ ದ ಫಿಫ್ತ್' ಎಂದು ಬರೆದುಬಿಡುವುದೇ ಕ್ಷೇಮ; ನಾವು 'ಐದನೇ ತಾರೀಖು ಸೇರಿದಂತೆ' ಎನ್ನುವುದಿಲ್ಲವೇ, ಅದೇ ಇದು.

ಬಾಳಿಕೆಯ ಮಾತು

'ಲಾಸ್ಟ್' ಎಂಬ ಕ್ರಿಯಾಪದವನ್ನು ನಮ್ಮ ವಿದ್ಯಾರ್ಥಿಗಳು ಬಹಳ ಕಡಿಮೆ ಬಳಸುತ್ತಾರೆ. ಅದನ್ನು ಕಂಡ ಕೂಡಲೇ 'ಕೊನೆಯ' ಎಂಬ ಅರ್ಥ ಮನಸ್ಸಿಗೆ ಬರುವುದೇ ಇದಕ್ಕೆ ಕಾರಣವಿರಬೇಕು. ವಾಸ್ತವವಾಗಿ ಇವು ಎರಡು ಬೇರೆ ಪದಗಳು. ಕೊನೆಯ ಎಂಬರ್ಥದ 'ಲಾಸ್ಟ್' ತಡವಾದ ಎಂಬರ್ಥದ 'ಲೇಟ್' ಎಂಬುದರಿಂದ ಬಂದದ್ದು. ಉಳಿದು ಬರುವ ಎಂಬರ್ಥದ 'ಲಾಸ್ಟ್' ಹಳೆಯ ಇಂಗ್ಲಿಷಿನಲ್ಲಿ ಬೆನ್ನುಹತ್ತಿ ನಡೆ, ಕೊನೆಮುಟ್ಟಿಸು ಎಂಬ ಅರ್ಥವಿದ್ದ, ಹೆಜ್ಜೆಗುರುತಿಗೆ ಸಂಬಂಧಪಟ್ಟ ಪದದಿಂದ ಬಂದದ್ದು. ಚಪ್ಪಲಿ ಹೊಲಿಯುವವರು ಬಳಸುವ ಪಾದದ ಅಚ್ಚಿಗೂ ಇಂಗ್ಲಿಷಿನಲ್ಲಿ 'ಲಾಸ್ಟ್' ಎಂದೇ ಹೆಸರು. ಈ ಸಂಬಂಧವನ್ನು ಒಮ್ಮೆ ತಿಳಿದರೆ ಪದ ಮರೆಯುವುದಿಲ್ಲ, ಏಕೆಂದರೆ ನಾವು ಅದನ್ನು ಮೊದಲು ಬಳಸಬೇಕಾದ್ದೂ ಚಪ್ಪಲಿಯ ಬಗ್ಗೆಯೇ: 'ಈ ಚಪ್ಪಲಿ ಎರಡು ವರ್ಷ ಬಾಳಿಕೆ ಬರುತ್ತದೆ' ಎಂಬುದಕ್ಕೆ 'ದೀಸ್ ಸ್ಯಾಂಡಲ್ಸ್ ವಿಲ್ ಲಾಸ್ಟ್ ಟೂ ಇಯರ್ಸ್'.

ಕನ್ನಡದಲ್ಲಿ ಇದಕ್ಕೆ ಒಂದೇ ಪದವಿಲ್ಲ, ಸಂದರ್ಭಕ್ಕೆ ತಕ್ಕ ಹಲವು ಪದಗಳಿವೆ. ಬಟ್ಟೆ ಬಾಳಿಕೆ ಬರುತ್ತದೆ, ಸಭೆ ನಡೆಯುತ್ತದೆ, ಮಳೆ ಹಿಡಿದುಕೊಳ್ಳುತ್ತದೆ, ನೋವು ಉಳಿಯುತ್ತದೆ, ಅಕ್ಕಿ ತಿಂಗಳ ಕೊನೆಯವರೆಗೆ ಬರುತ್ತದೆ. ಈ ಎಲ್ಲ ಕಡೆಯೂ ಇಂಗ್ಲಿಷ್ 'ಲಾಸ್ಟ್' ಎಂಬ ಒಂದೇ ಪದದಲ್ಲಿ ಕೆಲಸ ಮುಗಿಸುತ್ತದೆ. 'ದ ರೈಸ್ ವಿಲ್ ಕಮ್ ಟಿಲ್ ಮಂತ್ ಎಂಡ್' ಎಂದು ಬರೆಯಲು ಕೈ ಹೋದಾಗ 'ದ ರೈಸ್ ವಿಲ್ ಲಾಸ್ಟ್ ಅಂಟಿಲ್ ದಿ ಎಂಡ್ ಆಫ್ ದ ಮಂತ್' ಎಂದು ತಿದ್ದಿಕೊಳ್ಳಬೇಕು. ಕೆಡದೆ ಇರುವುದಕ್ಕೆ ಮಾತ್ರ 'ಕೀಪ್' ಎಂಬ ಇನ್ನೊಂದು ಒಳ್ಳೆಯ ಪದವಿದೆ. ಹಾಲು ಫ್ರಿಜ್ಜಿನಲ್ಲಿ ಎರಡು ದಿನ ಕೆಡದೆ ಇರುತ್ತದೆ ಎಂಬುದಕ್ಕೆ 'ದ ಮಿಲ್ಕ್ ವಿಲ್ ಕೀಪ್ ಫಾರ್ ಟೂ ಡೇಸ್ ಇನ್ ದ ಫ್ರಿಜ್' ಎಂದರೆ ಸಾಕು, ಕೆಡುವ ಮಾತನ್ನೇ ಎತ್ತಬೇಕಾಗಿಲ್ಲ. ಅಂಗಡಿಯ ಪೊಟ್ಟಣಗಳ ಮೇಲಿನ 'ಬೆಸ್ಟ್ ಬಿಫೋರ್' ಎಂಬುದು ರುಚಿ ಮತ್ತು ಗುಣಮಟ್ಟ ಯಾವಾಗಿನವರೆಗೆ ಚೆನ್ನಾಗಿರುತ್ತದೆ ಎಂದು ಹೇಳುತ್ತದೆ. 'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ಎಂಬುದು ಆ ದಿನ ಕಳೆದ ಮೇಲೆ ತಿನ್ನಬಾರದು ಎಂದು ಹೇಳುತ್ತದೆ. ಇವೆರಡನ್ನು ಒಂದೇ ಎಂದು ತಿಳಿಯುವುದರಿಂದ ಒಮ್ಮೆ ಒಳ್ಳೆಯ ಪದಾರ್ಥ ತಿಪ್ಪೆಗೆ ಹೋಗುತ್ತದೆ, ಇನ್ನೊಮ್ಮೆ ಕೆಟ್ಟದ್ದು ಹೊಟ್ಟೆಗೆ ಹೋಗುತ್ತದೆ. 'ಬೆಸ್ಟ್ ಬಿಫೋರ್ ಸಿಕ್ಸ್ ಮಂತ್ಸ್ ಫ್ರಮ್ ಪ್ಯಾಕೇಜಿಂಗ್' ಎಂದಿದ್ದಲ್ಲಿ ಪೊಟ್ಟಣ ಕಟ್ಟಿದ ತಾರೀಖನ್ನು ಬೇರೆ ಕಡೆ ಹುಡುಕಿ ನಾವೇ ಎಣಿಸಿಕೊಳ್ಳಬೇಕಾಗುತ್ತದೆ.

ಕೆಲಸಕ್ಕೆ ಹಿಡಿಯುವ ಹೊತ್ತಿಗೆ 'ಟೇಕ್'. 'ಬೆಂಗಳೂರಿನಿಂದ ಮೈಸೂರಿಗೆ ಮೂರು ಗಂಟೆ ಹಿಡಿಯಿತು' ಎಂಬುದು 'ಇಟ್ ಟುಕ್ ತ್ರೀ ಅವರ್ಸ್' ಎಂದಾಗುತ್ತದೆ, 'ನನಗೆ' ಎಂಬುದನ್ನು ಸೇರಿಸಬೇಕಾದರೆ 'ಇಟ್ ಟುಕ್ ಮಿ' ಎನ್ನಬೇಕು. ಇಲ್ಲಿಯ 'ಇಟ್' ಯಾವುದು ಎಂದು ಕೇಳುವ ವಿದ್ಯಾರ್ಥಿಗಳಿದ್ದಾರೆ. ಅದು ಹೆಸರಿಲ್ಲದ ಕರ್ತೃ. 'ಹಿಡಿಯಿತು' ಎಂಬುದರಲ್ಲಿ ನಮಗೆ ಕರ್ತೃ ಕಾಣದಿದ್ದರೂ ವಾಕ್ಯ ನಡೆಯುತ್ತದೆ, ಇಂಗ್ಲಿಷಿಗೆ ಆ ಜಾಗ ಖಾಲಿ ಬಿಡಲು ಬರುವುದಿಲ್ಲ.

'ಲಾಸ್ಟ್', 'ಓವರ್', 'ಅಂಟಿಲ್' ಮೂರನ್ನೂ ಒಂದೇ ಕಡೆ ನೋಡಬೇಕೆಂದರೆ ಕ್ರಿಕೆಟ್ಟಿನ ಒಂದು ಹಳೆಯ ಪಂದ್ಯ ಸಹಾಯಕ್ಕೆ ಬರುತ್ತದೆ. ಈಗ ಟೆಸ್ಟ್ ಪಂದ್ಯ 'ಲಾಸ್ಟ್ಸ್ ಅಪ್ ಟು ಫೈವ್ ಡೇಸ್', ಅಂದರೆ ಹೆಚ್ಚೆಂದರೆ ಐದು ದಿನ. 1939ರ ಮಾರ್ಚಿನಲ್ಲಿ ಡರ್ಬನ್ನಿನಲ್ಲಿ ದಕ್ಷಿಣ ಆಫ್ರಿಕಾ ಮತ್ತು ಇಂಗ್ಲೆಂಡ್ ಆಡಿದ ಟೆಸ್ಟಿಗೆ ದಿನಗಳ ಮಿತಿಯೇ ಇರಲಿಲ್ಲ. ಫಲಿತಾಂಶ ಬರುವವರೆಗೆ, ಎಂದರೆ 'ಅಂಟಿಲ್ ದೇರ್ ವಾಸ್ ಅ ರಿಸಲ್ಟ್', ಆಡಬೇಕೆಂದು ನಿಶ್ಚಯವಾಗಿತ್ತು. ಒಂಬತ್ತು ದಿನಗಳ ಆಟ ಹನ್ನೆರಡು ದಿನಗಳಲ್ಲಿ ಹರಡಿತ್ತು: 'ನೈನ್ ಡೇಸ್ ಆಫ್ ಪ್ಲೇ ಓವರ್ ಟ್ವೆಲ್ವ್ ಡೇಸ್'. ಆಡಿದ ದಿನಗಳು ಬಿಡಿಬಿಡಿಯಾಗಿ ಹರಡಿಕೊಂಡಿರುವುದರಿಂದ 'ಓವರ್' ಬಂತು, 'ಫಾರ್' ಎಂದಿದ್ದರೆ ಬಿಡುವಿಲ್ಲದೆ ಆಡಿದಂತಾಗುತ್ತಿತ್ತು. ಇಂಗ್ಲೆಂಡಿನವರು ಊರಿಗೆ ಮರಳುವ ಹಡಗು ಹಿಡಿಯಬೇಕಾಗಿದ್ದರಿಂದ ಕೊನೆಗೆ ಆ ಪಂದ್ಯ ಫಲಿತಾಂಶವಿಲ್ಲದೆಯೇ ಮುಗಿಯಿತು.

ಕನ್ನಡ ಕೈಹಿಡಿಯುವ ಕಡೆ, ಕೈಬಿಡುವ ಕಡೆ

'ಐದು ವರ್ಷದ ಯೋಜನೆ', 'ಎರಡು ಗಂಟೆಯ ಸಭೆ' ಎನ್ನುವಾಗ ನಾವು ವರ್ಷಗಳ, ಗಂಟೆಗಳ ಎಂದು ಬಹುವಚನ ಹಾಕುವುದಿಲ್ಲ. ಇಂಗ್ಲಿಷ್ ಕೂಡ ಇಲ್ಲಿ ಹಾಕುವುದಿಲ್ಲ: 'ಫೈವ್-ಇಯರ್ ಪ್ಲಾನ್', 'ಟೂ-ಅವರ್ ಮೀಟಿಂಗ್'. ವ್ಯಾಕರಣ ಪುಸ್ತಕದ ನಿಯಮವನ್ನು ನೆನಪಿಟ್ಟುಕೊಂಡು 'ಫೈವ್ ಇಯರ್ಸ್ ಪ್ಲಾನ್' ಎಂದು ತಪ್ಪುವವರು ತಮ್ಮ ಕನ್ನಡದ ಕಿವಿಯನ್ನೇ ನಂಬಿದ್ದರೆ ತಪ್ಪುತ್ತಿರಲಿಲ್ಲ. ರಜೆಯ ಮಾತು ಬಂದಾಗ ಮಾತ್ರ 'ಟೂ ಡೇಸ್ ಲೀವ್' ಎಂದು ಬಹುವಚನವೇ ಸರಿ. ಬರೆಯುವಾಗ 'ಡೇಸ್' ಎಂಬುದರ ಕೊನೆಗೆ ಒಂದು ಅಪಾಸ್ಟ್ರಫಿ ಇಡಬೇಕು. 'ಎರಡು ಮೂರು ದಿನ' ಎಂಬಲ್ಲಿ ಕನ್ನಡಕ್ಕೆ ನಡುವೆ ಪದ ಬೇಡ, ಇಂಗ್ಲಿಷಿಗೆ 'ಟೂ ಆರ್ ತ್ರೀ ಡೇಸ್' ಎಂದು 'ಆರ್' ಬೇಕೇ ಬೇಕು. 'ಒಂದೆರಡು ದಿನ' ಎಂಬುದು 'ಅ ಡೇ ಆರ್ ಟೂ'.

ವಾರದ ಲೆಕ್ಕದಲ್ಲಿ ನಿಜವಾದ ಅಪಾಯವಿದೆ. ದರ್ಜಿ ಸೋಮವಾರ 'ಎಂಟು ದಿನ ಬಿಟ್ಟು ಬನ್ನಿ' ಎಂದರೆ ನಾವು ಮುಂದಿನ ಸೋಮವಾರವೇ ಹೋಗುತ್ತೇವೆ. ಹೊರಟ ದಿನ, ಸೇರುವ ದಿನ ಎರಡನ್ನೂ ಸೇರಿಸಿ ಎಣಿಸುವ ರೂಢಿ ನಮ್ಮದು; ಹಾಗಾಗಿ ವಾರಕ್ಕೆ ಎಂಟು ದಿನ, ಎರಡು ವಾರಕ್ಕೆ ಹದಿನೈದು ದಿನ. ಇಂಗ್ಲಿಷ್ ಹಾಗೆ ಎಣಿಸುವುದಿಲ್ಲ. 'ಫೋರ್ಟ್‌ನೈಟ್' ಎಂಬುದು ಹದಿನಾಲ್ಕು ರಾತ್ರಿ ಎಂಬ ಹಳೆಯ ಪದಗಳು ಕೂಡಿ ಸವೆದು ಆದದ್ದು. ಒಂದು ಕಾಲಕ್ಕೆ ಏಳು ರಾತ್ರಿಗೆ, ಅಂದರೆ ವಾರಕ್ಕೆ, 'ಸೆನ್ನೈಟ್' ಎಂಬ ಪದವೂ ಇತ್ತು. ರಾತ್ರಿಗಳನ್ನು ಎಣಿಸಿದರೆ ಸೋಮವಾರದಿಂದ ಸೋಮವಾರಕ್ಕೆ ಏಳೇ ಆಗುತ್ತವೆ. ಆದ್ದರಿಂದ 'ಕಮ್ ಆಫ್ಟರ್ ಎಯ್ಟ್ ಡೇಸ್' ಎಂದು ಪತ್ರ ಬರೆದರೆ ಎದುರಿನವರು ಮಂಗಳವಾರ ಬರುತ್ತಾರೆ. 'ಇನ್ ಅ ವೀಕ್' ಅಥವಾ 'ಇನ್ ಟೂ ವೀಕ್ಸ್' ಎಂದು ಬರೆಯಬೇಕು. 'ಫೋರ್ಟ್‌ನೈಟ್' ಎಂಬುದು ನಮ್ಮಲ್ಲಿಯೂ ಬ್ರಿಟನ್ನಿನಲ್ಲಿಯೂ ಚೆನ್ನಾಗಿ ನಡೆಯುತ್ತದೆ, ಅಮೆರಿಕದವರಿಗೆ ಅದು ಅಷ್ಟು ಬಳಕೆಯ ಪದವಲ್ಲ.

'ಹೊತ್ತು' ಎಂಬುದಕ್ಕೆ ಇಂಗ್ಲಿಷಿನಲ್ಲಿ ತುಂಬ ಹತ್ತಿರದ ಪದ 'ವೈಲ್'. 'ಸ್ವಲ್ಪ ಹೊತ್ತು ಕೂತಿರಿ' ಎಂಬುದಕ್ಕೆ 'ಫಾರ್ ಅ ವೈಲ್', 'ಸ್ವಲ್ಪ ಹೊತ್ತಿನಲ್ಲಿ ಬರುತ್ತೇನೆ' ಎಂಬುದಕ್ಕೆ 'ಇನ್ ಅ ವೈಲ್', 'ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೋದರು' ಎಂಬುದಕ್ಕೆ 'ಆಫ್ಟರ್ ಅ ವೈಲ್'. ಅದರ ಮುಂದೆ 'ಕ್ವೈಟ್' ಸೇರಿದರೆ ಬಹಳ ಹೊತ್ತು ಎಂದಾಗುತ್ತದೆ, 'ಒನ್ಸ್ ಇನ್ ಅ ವೈಲ್' ಎಂದರೆ ಆಗೊಮ್ಮೆ ಈಗೊಮ್ಮೆ. ಈ ಒಂದು ಪದವನ್ನು ಅಭ್ಯಾಸ ಮಾಡಿಕೊಂಡವರ ಇಂಗ್ಲಿಷಿಗೆ ಕೂಡಲೇ ಒಂದು ಸಲೀಸು ಬರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. 'ಇನ್ನೂ ಎಷ್ಟು ಹೊತ್ತು' ಎಂಬುದಕ್ಕೆ 'ಹೌ ಮಚ್ ಲಾಂಗರ್'.

'ಒಂದು ನಿಮಿಷ', 'ಒಂದು ಗಳಿಗೆ' ಎಂಬಂಥ ಮಾತುಗಳಲ್ಲಿ ಎರಡು ಭಾಷೆಗಳ ನಡುವೆ ತೊಡಕಿಲ್ಲ. ಲೆಕ್ಕ ಹಿಡಿದರೆ ಗಳಿಗೆಗೆ 24 ನಿಮಿಷ. ಮಧ್ಯಯುಗದ ಯುರೋಪಿನಲ್ಲಿ 'ಮೊಮೆಂಟ್' ಎಂಬುದೂ ಗಂಟೆಯ ನಲವತ್ತನೆಯ ಒಂದು ಭಾಗ, ಅಂದರೆ ಸುಮಾರು 90 ಸೆಕೆಂಡು. ಇಂದು ಯಾರೂ ಹಾಗೆ ಅಳೆಯುವುದಿಲ್ಲ. ನಿಮಿಷ ಎಂಬ ಪದಕ್ಕೆ ಸಂಸ್ಕೃತದಲ್ಲಿ ಕಣ್ಣು ಮಿಟುಕಿಸುವುದು ಎಂದೇ ಮೂಲಾರ್ಥವಿರುವುದರಿಂದ 'ಇನ್ ದ ಬ್ಲಿಂಕ್ ಆಫ್ ಆ್ಯನ್ ಐ' ಎಂಬ ಮಾತು ನಮಗೆ ಪರಕೀಯವೆನಿಸುವುದೇ ಇಲ್ಲ.

ಮೋಸಗೊಳಿಸುವ ನುಡಿಗಟ್ಟುಗಳು

ಪದಗಳೆಲ್ಲ ಗೊತ್ತಿದ್ದೂ ಅರ್ಥ ಬೇರೆಯೇ ಆಗಿರುವ ನುಡಿಗಟ್ಟುಗಳಲ್ಲಿ ಮೊದಲನೆಯದು 'ಫಾರ್ ಗುಡ್'. 'ಹಿ ಹ್ಯಾಸ್ ಲೆಫ್ಟ್ ಮೈಸೂರು ಫಾರ್ ಗುಡ್' ಎಂಬುದನ್ನು ಒಳ್ಳೆಯದಕ್ಕಾಗಿ ಊರು ಬಿಟ್ಟ ಎಂದು ಓದುವವರಿದ್ದಾರೆ. ಅದರ ಅರ್ಥ ಮತ್ತೆ ಮರಳದಂತೆ ಬಿಟ್ಟ ಎಂಬುದು. 'ಫಾರ್ ಗುಡ್ ಅಂಡ್ ಆಲ್' ಎಂಬ ಹಳೆಯ ಮಾತಿನ ಮೊಟಕು ರೂಪವಿದು. ಇದಕ್ಕೆ ಎದುರಾದದ್ದು 'ಫಾರ್ ದ ಟೈಮ್ ಬೀಯಿಂಗ್', ಎಂದರೆ ಸದ್ಯಕ್ಕೆ. ಕಾಯ್ದೆಗಳಲ್ಲಿ 'ಎನಿ ಲಾ ಫಾರ್ ದ ಟೈಮ್ ಬೀಯಿಂಗ್ ಇನ್ ಫೋರ್ಸ್' ಎಂದು ಬಂದಾಗ ಮಾತ್ರ ಅದನ್ನು ತಾತ್ಕಾಲಿಕ ಎಂದು ತಿಳಿಯಬಾರದು. ಆಯಾ ಕಾಲದಲ್ಲಿ ಜಾರಿಯಲ್ಲಿರುವ ಯಾವುದೇ ಕಾನೂನು ಎಂಬುದು ಅಲ್ಲಿಯ ಅರ್ಥ.

ನಮ್ಮವರನ್ನು ವಿಶೇಷವಾಗಿ ದಾರಿ ತಪ್ಪಿಸುವುದು 'ಟಿಲ್ ದ ಕೌಸ್ ಕಮ್ ಹೋಮ್' ಎಂಬ ಮಾತು. ಹಸುಗಳು ಮನೆಗೆ ಬರುವ ಹೊತ್ತೆಂದರೆ ನಮಗೆ ಗೋಧೂಳಿ. ಅದು ಸೂರ್ಯ ಮುಳುಗುವ, ಎಲ್ಲರೂ ಬಲ್ಲ ಹೊತ್ತು. ಲಗ್ನಪತ್ರಿಕೆಯಲ್ಲಿ ಗೋಧೂಳಿ ಲಗ್ನ ಎಂದು ಅಚ್ಚು ಹಾಕಿಸುವಷ್ಟು ಖಚಿತವಾದ ಹೊತ್ತು. ಹಳ್ಳಿಯಲ್ಲಿ ಬೆಳೆದ ಒಬ್ಬ ವಿದ್ಯಾರ್ಥಿ 'ದೇ ಕ್ಯಾನ್ ಆರ್ಗ್ಯೂ ಟಿಲ್ ದ ಕೌಸ್ ಕಮ್ ಹೋಮ್' ಎಂಬ ವಾಕ್ಯಕ್ಕೆ 'ಅವರು ಸಂಜೆಯವರೆಗೆ ವಾದಿಸಬಹುದು' ಎಂದು ಬರೆದಿದ್ದ. ಅವನ ಅನುಭವದಲ್ಲಿ ಅದು ನೂರಕ್ಕೆ ನೂರು ನಿಜ. ಆದರೆ ಇಂಗ್ಲಿಷಿನಲ್ಲಿ ಆ ಹಸುಗಳು ತಮಗೆ ತೋಚಿದಾಗ ನಿಧಾನವಾಗಿ ಬರುವಂಥವು. ಎಷ್ಟು ಹೊತ್ತಾದರೂ ಮುಗಿಯದಷ್ಟು ಕಾಲ ಎಂಬುದು ಅದರ ಅರ್ಥ. 'ಎಷ್ಟು ವಾದಿಸಿದರೂ ಅಷ್ಟೇ' ಎಂಬ ನಮ್ಮ ಮಾತು ಅದಕ್ಕೆ ಹೊಂದುತ್ತದೆ. ಅವನ ಉತ್ತರವನ್ನು ತಪ್ಪು ಎಂದು ಹೊಡೆದುಹಾಕಲು ನನಗೆ ಮನಸ್ಸಾಗದೆ, ಪಕ್ಕದಲ್ಲಿ ಗೋಧೂಳಿಯ ವ್ಯತ್ಯಾಸವನ್ನು ಎರಡು ಸಾಲಿನಲ್ಲಿ ಬರೆದುಕೊಟ್ಟೆ.

'ಡಾಂಕೀಸ್ ಇಯರ್ಸ್' ಎಂಬುದೂ ಬಹಳ ಕಾಲ ಎಂದೇ. ಕತ್ತೆಯ ಉದ್ದ ಕಿವಿಗಳ ಮೇಲಿನ ಶ್ಲೇಷೆಯಿಂದ ಹುಟ್ಟಿತೆಂದು ಹೇಳುತ್ತಾರೆ. ಆತ್ಮೀಯರ ನಡುವೆ ಚೆಂದ, ಅರ್ಜಿಯಲ್ಲಿ ಬೇಡ. ಅಲ್ಪಕಾಲ ಮೆರೆದು ಮರೆಯಾಗುವುದಕ್ಕೆ 'ಅ ಫ್ಲ್ಯಾಶ್ ಇನ್ ದ ಪ್ಯಾನ್' ಎನ್ನುತ್ತಾರೆ. ಆ ಪ್ಯಾನ್ ಅಡುಗೆಯ ಬಾಣಲೆಯಲ್ಲ. ಹಳೆಯ ಚಕಮಕಿ ಬಂದೂಕಿನ ಪಕ್ಕದಲ್ಲಿ ಮದ್ದಿನ ಪುಡಿ ಹಾಕುವ ಪುಟ್ಟ ತಟ್ಟೆ. ಆ ಪುಡಿ ಭಗ್ಗನೆ ಹೊತ್ತಿಕೊಂಡರೂ ಕೆಲವೊಮ್ಮೆ ಗುಂಡು ಹಾರುತ್ತಿರಲಿಲ್ಲ.

ಕಚೇರಿಯ ಮಾತಿನಲ್ಲಿ ಬರುವವನ್ನು ಕನ್ನಡ ಪತ್ರಿಕೆಗಳ ಮೂಲಕವೇ ಕಲಿಯುವುದು ಸುಲಭ. 'ಅಂಟಿಲ್ ಫರ್ದರ್ ಆರ್ಡರ್ಸ್' ಎಂದರೆ ಮುಂದಿನ ಆದೇಶದವರೆಗೆ, 'ವಿತ್ ಇಮ್ಮೀಡಿಯೆಟ್ ಎಫೆಕ್ಟ್' ಎಂದರೆ ತಕ್ಷಣದಿಂದ ಜಾರಿಗೆ ಬರುವಂತೆ, 'ಇನ್‌ಡೆಫಿನಿಟ್ ಸ್ಟ್ರೈಕ್' ಎಂದರೆ ಅನಿರ್ದಿಷ್ಟಾವಧಿ ಮುಷ್ಕರ. ನಮ್ಮ 'ಅವಧಿ' ಮಾತ್ರ ಇಂಗ್ಲಿಷಿಗೆ ಹೋದಾಗ ಕವಲೊಡೆಯುತ್ತದೆ. ಕಾನೂನು ಗೊತ್ತುಮಾಡಿದ ಅವಧಿ 'ಟರ್ಮ್': ವಿಧಾನಸಭೆಗೆ 5 ವರ್ಷ, ವಿಧಾನ ಪರಿಷತ್ತಿನ ಸದಸ್ಯರಿಗೆ 6 ವರ್ಷ. ಒಬ್ಬರು ಆ ಸ್ಥಾನದಲ್ಲಿ ನಿಜವಾಗಿ ಇದ್ದಷ್ಟು ಕಾಲ 'ಟೆನ್ಯೂರ್'. ಸಭೆ, ಪರೀಕ್ಷೆ, ಪ್ರಯಾಣಗಳಿಗೆ 'ಡ್ಯುರೇಷನ್'.

ಎಂದೆಂದಿಗೂ ಎಂಬುದನ್ನು ಇಂಗ್ಲಿಷ್ ಪತ್ರಗಳಲ್ಲಿ 'ಇನ್ ಪರ್ಪೆಚ್ಯುಯಿಟಿ' ಎಂದು ಬರೆಯುತ್ತಾರೆ. ನಮ್ಮ ಶಾಸನಗಳ ದಾನದ ಸಾಲುಗಳಲ್ಲಿ ಬರುವ 'ಆಚಂದ್ರಾರ್ಕ', ಎಂದರೆ ಚಂದ್ರಸೂರ್ಯರು ಇರುವವರೆಗೆ ಎಂಬ ಮಾತಿಗೆ ಅದು ಸಮಾನ. ಇದಕ್ಕೂ ದೀರ್ಘ ಗುತ್ತಿಗೆಗೂ ವ್ಯತ್ಯಾಸವಿದೆ: ಮುಲ್ಲಪೆರಿಯಾರ್ ಅಣೆಕಟ್ಟೆಗಾಗಿ ತಿರುವಾಂಕೂರು 1886ರಲ್ಲಿ ಮಾಡಿಕೊಂಡ ಗುತ್ತಿಗೆ 999 ವರ್ಷಗಳದ್ದು. ಎಷ್ಟೇ ದೀರ್ಘವಾದರೂ ಅದು ಲೆಕ್ಕವಿರುವ ಅವಧಿಯಾದ್ದರಿಂದ ಅಲ್ಲಿ ಬರಬೇಕಾದ್ದು 'ಫಾರ್'. ನಾವು ಸಹಿ ಹಾಕುವ ಮನೆ ಬಾಡಿಗೆಯ ಕರಾರು ಪತ್ರದಲ್ಲಿಯೂ 'ಫಾರ್ ಅ ಪೀರಿಯಡ್ ಆಫ್ ಎಲೆವೆನ್ ಮಂತ್ಸ್' ಎಂದು ಅದೇ 'ಫಾರ್' ಇರುತ್ತದೆ. ಒಂದು ವರ್ಷ ಮೀರುವ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾಗುವುದರಿಂದ ಹನ್ನೊಂದು ತಿಂಗಳ ಈ ಲೆಕ್ಕ ರೂಢಿಗೆ ಬಂದಿದೆ. ಆ ಸಾಲಿನಲ್ಲಿ 'ಫ್ರಮ್ ಫಸ್ಟ್ ಜೂನ್' ಎಂದಷ್ಟೇ ಬರೆಸಿದರೆ ಮೊದಲ ದಿನದ ಪ್ರಶ್ನೆ ಮತ್ತೆ ಏಳುತ್ತದೆ. 'ಕಮೆನ್ಸಿಂಗ್ ಆನ್ ಫಸ್ಟ್ ಜೂನ್ ಅಂಡ್ ಎಂಡಿಂಗ್ ಆನ್ ತರ್ಟಿಯತ್ ಏಪ್ರಿಲ್' ಎಂದು ಎರಡೂ ತುದಿಯ ತಾರೀಖುಗಳನ್ನು ಇಸವಿಯ ಸಮೇತ ಬರೆಸಿ, ಓದಿ ನೋಡಿದ ಮೇಲೆಯೇ ಸಹಿ ಹಾಕಬೇಕು.